ಮಕ್ಕಳ ನ್ಯಾಯಾಧೀಶ ಲಿಂಡ್ಸೆ

ಹರಿಹರದ ಪೇಟೆಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬ ಕಳವಿನ ಆಪಾದನೆಗೆ ಗುರಿಯಾದನೆನ್ನೋಣ. ಅವನನ್ನು ಸೆರೆಮನೆಗೆ ತಳ್ಳುವಂತಿಲ್ಲ. ಅವನ ವಿಚಾರಣೆ ದಾವಣಗೆರೆ ಜಿಲ್ಲೆಯ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಸೇವಕರೂ ಇರುವ ಈ ಮಂಡಳಿಯವರು ಯಾರ ಮನೆಬಾಗಿಲಿಗೂ ಹೋಗಿ ಮತ ಯಾಚಿಸಬೇಕಾಗಿಲ್ಲ. ಆದರೆ ಇಂತಹ ನ್ಯಾಯಾಲಯಗಳು ಬಹು ಹಿಂದೆಯೇ ರೂಪುಗೊಂಡ ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಧೀಶರೂ ಚುನಾವಣೆಗೆ ನಿಲ್ಲಬೇಕು. ಹಾಗೆ ಮತ್ತೆ ಮತ್ತೆ ನಿಂತು, ಗೆದ್ದು, ಸೋತವರು ಬೆನ್ ಲಿಂಡ್ಸೆ.

ಬೆಂಜಮಿನ್ ಬಾರ್ ಲಿಂಡ್ಸೆಯವರು 1869ರ ನವೆಂಬರ್ 25ರಂದು ಟೆನೆಸ್ಸಿ ರಾಜ್ಯದಲ್ಲಿ ಜನಿಸಿದರು. ಕುಟುಂಬವು ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ ನೆಲೆಸಿದ ಬಳಿಕ ತಂದೆ ತೀರಿಕೊಂಡರು. ಎಳೆಯ ಹರೆಯದಲ್ಲೇ ಸಂಸಾರದ ಭಾರ ಅವರ ಹೆಗಲೇರಿತು. ಮುಂಜಾನೆ ಪತ್ರಿಕೆ ಹಂಚುವುದು, ಹಗಲು ಕಚೇರಿಯಲ್ಲಿ ದುಡಿಯುವುದು, ಸಂಜೆ ಕಟ್ಟಡ ಗುಡಿಸುವುದು. ಇವುಗಳ ನಡುವೆಯೇ ಕಾನೂನು ಕಲಿತು ವಕೀಲರಾದರು. 1901ರಲ್ಲಿ ಅವರಿಗೆ ನ್ಯಾಯಾಧೀಶರ ಹುದ್ದೆ ದೊರೆಯಿತು.

ಒಂದು ದಿನ ರೈಲುದಾರಿಯ ಬಳಿ ಕಲ್ಲಿದ್ದಲು ಕದ್ದ ಹುಡುಗನೊಬ್ಬನನ್ನು ಅವರ ಮುಂದೆ ತಂದು ನಿಲ್ಲಿಸಿದರು. ಕಾನೂನಿನಂತೆ ಅವನನ್ನು ಸುಧಾರಣಾ ಶಾಲೆಗೆ ಕಳುಹಿಸಲು ಆಜ್ಞೆಯಾಯಿತು. ಒಡನೆಯೇ ಹಿಂದಿನ ಸಾಲಿನಿಂದ ತಾಯಿಯ ಆಕ್ರಂದನ ಕೇಳಿಬಂತು. ಲಿಂಡ್ಸೆಯವರು ಶಿಕ್ಷೆಯನ್ನು ತಡೆಹಿಡಿದು ಹುಡುಗನ ಮನೆಗೆ ತಾವೇ ಹೋದರು. ತಂದೆ ಕಾಯಿಲೆ ಬಿದ್ದಿದ್ದ, ಮನೆಯೊಳಗೆ ಕಡುಚಳಿ. ಕಾನೂನು ಕಳವನ್ನು ಮಾತ್ರ ಕಂಡಿತ್ತು.

ಅಲ್ಲಿಂದ ಮುಂದೆ ಅವರು ಮಕ್ಕಳ ಮೊಕದ್ದಮೆಗಳನ್ನು ಬೇರೆಯಾಗಿಯೇ ನಡೆಸತೊಡಗಿದರು. ಸುಧಾರಣಾ ಶಾಲೆಯು ಗೋಲ್ಡನ್ ಎಂಬ ಊರಿನಲ್ಲಿತ್ತು. ದಾವಣಗೆರೆಯಿಂದ ಹರಿಹರಕ್ಕಿರುವುದಕ್ಕಿಂತ ತುಸು ಹೆಚ್ಚಿನ ದೂರ. ಶಿಕ್ಷೆಗೊಳಗಾದ ಹುಡುಗರ ಕೈಗೆ ಆಜ್ಞಾಪತ್ರವನ್ನೂ ಪ್ರಯಾಣದ ಹಣವನ್ನೂ ಕೊಟ್ಟು, ಪೊಲೀಸರ ಕಾವಲಿಲ್ಲದೆ ಅವರನ್ನು ಒಬ್ಬಂಟಿಯಾಗಿ ಕಳುಹಿಸುತ್ತಿದ್ದರು. ಹೀಗೆ ಹೊರಟವರಲ್ಲಿ ತಪ್ಪಿಸಿಕೊಂಡವರು ಬಹು ವಿರಳ.

ಮಕ್ಕಳನ್ನು ಕೆಡಿಸುವ ದೊಡ್ಡವರನ್ನೂ, ಅವರ ಬೆನ್ನಿಗಿದ್ದ ಸಿರಿವಂತ ಕಂಪನಿಗಳನ್ನೂ, ರಾಜಕಾರಣಿಗಳನ್ನೂ ಲಿಂಡ್ಸೆಯವರು ಬಹಿರಂಗವಾಗಿ ಎದುರುಹಾಕಿಕೊಂಡರು. 1908ರ ಚುನಾವಣೆಯಲ್ಲಿ ಎರಡು ದೊಡ್ಡ ಪಕ್ಷಗಳೂ ಅವರಿಗೆ ಉಮೇದುವಾರಿಕೆ ನಿರಾಕರಿಸಿದವು. ಅವರು ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಕೊಲರಾಡೊದ ಸ್ತ್ರೀಯರಿಗೆ 1893ರಲ್ಲೇ ಮತದಾನದ ಹಕ್ಕು ಬಂದಿತ್ತು. ಮಕ್ಕಳಿಗೆ ಮತವಿರಲಿಲ್ಲ, ತಾಯಂದಿರಿಗೆ ಇತ್ತು. ಲಿಂಡ್ಸೆಯವರು ಭಾರೀ ಬಹುಮತದಿಂದ ಗೆದ್ದರು.

ಮತದಾರರ ಒಲವಿಗಿಂತ ಮಕ್ಕಳ ವಿಶ್ವಾಸವೇ ಅವರಿಗೆ ದೊಡ್ಡದಾಗಿತ್ತೆಂಬುದಕ್ಕೆ ಬೇರೊಂದು ಪ್ರಸಂಗವಿದೆ. ಕೊಲೆ ಮೊಕದ್ದಮೆಯೊಂದರಲ್ಲಿ, ಹುಡುಗನೊಬ್ಬ ತಮಗೆ ಗುಟ್ಟಾಗಿ ಹೇಳಿದ ಮಾತನ್ನು ತಿಳಿಸಬೇಕೆಂದು ನ್ಯಾಯಾಲಯವು ಲಿಂಡ್ಸೆಯವರನ್ನು ಕೇಳಿತು. ಅವರು ಒಪ್ಪಲಿಲ್ಲ. ನ್ಯಾಯಾಲಯ ನಿಂದನೆಗಾಗಿ ಅವರಿಗೆ 500 ಡಾಲರ್ ದಂಡ ಬಿತ್ತು. 1919ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನ್ಯಾಯಾಧೀಶರೇ ಅಪರಾಧಿಯ ಸ್ಥಾನದಲ್ಲಿ ನಿಂತರೂ ಆ ಮಾತು ಹೊರಬರಲಿಲ್ಲ.

1924ರ ಚುನಾವಣೆಯ ಹೊತ್ತಿಗೆ ಕೊಲರಾಡೊದಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಕೂಟವು ಬಲಿತಿತ್ತು. ಅದನ್ನು ವಿರೋಧಿಸಿ ನಿಂತ ಲಿಂಡ್ಸೆಯವರು ಅತ್ಯಲ್ಪ ಅಂತರದಿಂದ ಗೆದ್ದರು. ಎದುರಾಳಿ ದಾವೆ ಹೂಡಿದರು. 1927ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಿಂಡ್ಸೆಯವರ ವಿರುದ್ಧ ತೀರ್ಪಿತ್ತಿತು. ಕಾಲು ಶತಮಾನ ಕುಳಿತ ಪೀಠವನ್ನು ಅವರು ಬಿಟ್ಟುಕೊಡಬೇಕಾಯಿತು.

ಆಗ ಅವರನ್ನು ಕಾಡಿದ ಚಿಂತೆ ಬೇರೆ. ಸಾವಿರಾರು ಮಕ್ಕಳು ಅವರನ್ನು ನಂಬಿ ಹೇಳಿಕೊಂಡಿದ್ದ ಗುಟ್ಟುಗಳು ಅವರ ಕಡತಗಳಲ್ಲಿದ್ದವು. ಅವು ಪರರ ಕೈಸೇರಿದರೆ, ಅದಾಗಲೇ ಸಂಸಾರವಂದಿಗರಾಗಿದ್ದ ಎಷ್ಟೋ ಮಂದಿಯ ಮಾನಕ್ಕೆ ಕುಂದು ಬರುತ್ತಿತ್ತು. ಲಿಂಡ್ಸೆಯವರು ಪತ್ನಿ ಹೆನ್ರಿಯೆಟ್ಟಾ ಅವರೊಡನೆ ಆ ಕಾಗದಗಳನ್ನು ಡೆನ್ವರಿನ ಒಂದು ಬಯಲಿಗೆ ಸಾಗಿಸಿ ಬೆಂಕಿ ಹಚ್ಚಿದರು.

ಎರಡು ವರ್ಷಗಳ ಬಳಿಕ ಕೊಲರಾಡೊದಲ್ಲಿ ಅವರ ವಕೀಲಿ ಸನ್ನದೂ ರದ್ದಾಯಿತು. ಅವರು ಕ್ಯಾಲಿಫೋರ್ನಿಯಾಕ್ಕೆ ತೆರಳಿದರು. 1934ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಲಾಸ್ ಏಂಜಲೀಸಿನಲ್ಲಿ ಮತ್ತೊಮ್ಮೆ ನ್ಯಾಯಾಧೀಶ ಸ್ಥಾನಕ್ಕೆ ಸ್ಪರ್ಧಿಸಿ ಗೆದ್ದರು. 1943ರ ಮಾರ್ಚ್ 26ರಂದು ನಿಧನರಾದಾಗಲೂ ಅವರು ಅದೇ ಪೀಠದಲ್ಲಿದ್ದರು.