ಲಾ ಓದಿದವನ ಗಂಟೆ ಹೂಗಳು

ಓದಿದ್ದು ಒಂದು, ಹಿಡಿದ ಕೆಲಸ ಇನ್ನೊಂದು ಎಂದು ಕೊರಗುವವರು ನಮ್ಮಲ್ಲಿ ಬೇಕಾದಷ್ಟು ಜನ. ಅಲ್ಫೋನ್ಸ್ ಡಿ ಕ್ಯಾಂಡೋಲ್ ಕಥೆಯೂ ಅದೇ, ಆದರೆ ಆತ ಕೊರಗಲಿಲ್ಲ. 1806ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ, ಜಿನೀವಾದಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದ. ಅಪ್ಪ ಅಗಸ್ಟಿನ್ ಹೆಸರಾಂತ ಸಸ್ಯವಿಜ್ಞಾನಿ. ಮಗ ಕೋರ್ಟಿನ ದಾರಿ ಬಿಟ್ಟು ಅಪ್ಪ ಕೂಡಿಟ್ಟಿದ್ದ ಒಣಗಿದ ಗಿಡಗಳ ಮುಂದೆ ಕುಳಿತ.

ಆರಿಸಿಕೊಂಡದ್ದು ಕಾಡು ಗಂಟೆ ಹೂಗಳ ಕುಟುಂಬವನ್ನು. ಯುರೋಪಿನ ಬೆಟ್ಟ, ಹುಲ್ಲುಗಾವಲುಗಳಲ್ಲಿ ಅರಳುವ ಈ ಕ್ಯಾಂಪನ್ಯುಲಾಗಳಲ್ಲಿ ಬಹುಪಾಲು ನೀಲಿ, ಬಹುಪಾಲು ಗಂಟೆಯಾಕಾರ. ಒಂದನ್ನು ಇನ್ನೊಂದೆಂದು ತಿಳಿಯುವುದು ಬಲು ಸುಲಭ. ಹೆಸರನ್ನು ನಂಬಿದರೂ ಕೆಟ್ಟಿರಿ! ರೊಟುಂಡಿಫೋಲಿಯಾ ಎಂದರೆ ದುಂಡೆಲೆಯದು ಎಂದರ್ಥ. ಹೂ ಬಿಡುವ ಹೊತ್ತಿಗೆ ಬುಡದ ದುಂಡೆಲೆಗಳು ಹೆಚ್ಚಾಗಿ ಒಣಗಿ ಹೋಗಿ, ಕಾಂಡದ ಸಪೂರ ಎಲೆಗಳಷ್ಟೇ ಉಳಿದಿರುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಣ್ಣ ನೋಡಿ ಹೂವಿನ ಹೆಸರು ಬರೆದು ಅಂಕ ಕಳೆದುಕೊಂಡ ನನಗೆ ಈ ಕಷ್ಟ ಚೆನ್ನಾಗಿ ಗೊತ್ತು.

ಒಣಗಿದ ಗಿಡದಲ್ಲಂತೂ ಬಣ್ಣವೂ ಮಾಸಿರುತ್ತದೆ. ಅಲ್ಫೋನ್ಸ್ ಹೂವಿನಷ್ಟಕ್ಕೇ ನಿಲ್ಲದೆ ಕಾಯಿಯನ್ನೂ ನೋಡಿದ. ಅದು ಎಲ್ಲಿ ಬಾಯಿ ಬಿಡುತ್ತದೆ? ರೊಟುಂಡಿಫೋಲಿಯಾದ ಕಾಯಿ ತಲೆಕೆಳಗಾಗಿ ಜೋತಾಡುತ್ತದೆ, ತೂತುಗಳಿರುವುದು ತೊಟ್ಟಿನ ಕಡೆ. ಪರ್ಸಿಸಿಫೋಲಿಯಾದ ಕಾಯಿ ನೆಟ್ಟಗೆ ನಿಲ್ಲುತ್ತದೆ, ತೂತುಗಳು ತುದಿಯ ಹತ್ತಿರ. ಅಂದರೆ ಎರಡರಲ್ಲೂ ತೂತು ಮೇಲ್ಗಡೆಯೇ! ಹಾಗಾಗಿ ಗಾಳಿ ಅಲುಗಾಡಿಸಿದಾಗ ಬೀಜ ಸ್ವಲ್ಪಸ್ವಲ್ಪವೇ ಹೊರಬೀಳುತ್ತದೆ. ಇದೇ ಕುಟುಂಬದ ವಾಲೆನ್‌ಬರ್ಗಿಯಾದಲ್ಲಾದರೆ ಪಕ್ಕದ ತೂತೇ ಇಲ್ಲ, ಕಾಯಿ ನೆತ್ತಿಯಲ್ಲಿ ಸೀಳುತ್ತದೆ. ನೋಡಲು ಒಂದೇ ತರಹದ ಹೂಗಳನ್ನು ಬೇರೆ ಬೇರೆ ಗುಂಪಿಗೆ ಹಾಕಲು ಇಷ್ಟು ಸಾಕಾಯಿತು.

1830ರಲ್ಲಿ ಈ ಕುಟುಂಬದ ಬಗ್ಗೆ ಗ್ರಂಥ ಅಚ್ಚಾಯಿತು. ಆಗ ಆತನಿಗೆ ನಮ್ಮ ಎಂ.ಎಸ್ಸಿ. ಮುಗಿಸಿದವರ ವಯಸ್ಸು. ಮುಂದೆ ಜಿನೀವಾದಲ್ಲಿ ಪ್ರಾಧ್ಯಾಪಕನಾದ. 1841ರಲ್ಲಿ ಅಪ್ಪ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ ಪ್ರೊಡ್ರೋಮಸ್ ಎಂಬ ಸಸ್ಯಕೋಶವನ್ನು ಇತರರ ನೆರವಿನಿಂದ 1873ರವರೆಗೆ ಎಳೆದು 17 ಸಂಪುಟ ಮಾಡಿದ.

ಕಾನೂನಿನ ಓದೂ ದಂಡವಾಗಲಿಲ್ಲ ಅನ್ನಿಸುತ್ತದೆ. ಒಂದೇ ಗಿಡಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರೆ ಯಾವುದು ಸರಿ? ಮೊದಲು ಪ್ರಕಟವಾದದ್ದು ಎಂಬ ತತ್ವದ ಮೇಲೆ ಆತ ಬರೆದ ನಿಯಮಾವಳಿಯನ್ನು 1867ರ ಪ್ಯಾರಿಸ್ ಸಸ್ಯವಿಜ್ಞಾನ ಸಮ್ಮೇಳನ ಚರ್ಚಿಸಿ ಒಪ್ಪಿತು. ಇಂದಿನ ಅಂತರರಾಷ್ಟ್ರೀಯ ನಿಯಮಗಳ ಬೇರು ಅಲ್ಲಿದೆ.

ಆತ ಜಿನೀವಾದಲ್ಲಿ ಕಣ್ಮುಚ್ಚಿದ್ದು 1893ರಲ್ಲಿ. ನಮ್ಮ ಪಕ್ಕದ ನೀಲಗಿರಿಯ ಒಂದು ಗಂಟೆ ಹೂವಿಗೆ ಆತನದೇ ಹೆಸರು: ಕ್ಯಾಂಪನ್ಯುಲಾ ಅಲ್ಫೋನ್ಸಿ. ಊಟಿ ಕಡೆ ಹೋದವರು ಹುಡುಕಿ ನೋಡಿ, ದಯವಿಟ್ಟು ಕೀಳಬೇಡಿ.