ಬಸ್ಸಿನ ಯೋಚನೆ ಕೊಟ್ಟ ಗಣಿತಜ್ಞ ಬ್ಲೇಸ್ ಪಾಸ್ಕಲ್

ಬ್ಲೇಸ್ ಪಾಸ್ಕಲ್ ಎಂಬ ಹೆಸರು ಕೇಳಿದೊಡನೆ ಹೈಸ್ಕೂಲಿನ ವಿಜ್ಞಾನ ಪುಸ್ತಕ ನೆನಪಾಗುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ನಿಯಮ ಈತನದು. ಒತ್ತಡವನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ್ಕೆ ಈತನ ಹೆಸರಿದೆ. 1970ರಲ್ಲಿ ರೂಪುಗೊಂಡ ಒಂದು ಕಂಪ್ಯೂಟರ್ ಭಾಷೆಗೂ ಈತನದೇ ಹೆಸರು. ಆದರೆ ಬೆಳಗಾದರೆ ನಿಲ್ದಾಣದಲ್ಲಿ ನಿಂತು ಬಸ್ಸಿನ ದಾರಿ ಕಾಯುವ ಲಕ್ಷಾಂತರ ನಗರವಾಸಿಗಳೂ ಈ ಫ್ರೆಂಚ್ ಗಣಿತಜ್ಞನಿಗೆ ಋಣಿಗಳೆಂಬ ಸಂಗತಿ ಹೆಚ್ಚು ಪ್ರಚಾರಕ್ಕೆ ಬಂದಿಲ್ಲ.

ನಿಗದಿತ ಮಾರ್ಗ, ನಿಗದಿತ ವೇಳೆ, ತಲೆಗಿಷ್ಟು ಎಂಬ ನಿಗದಿತ ದರ, ಜನ ಬರಲಿ ಬಾರದಿರಲಿ ಹೊರಟೇ ತೀರುವ ವಾಹನ. ನಗರ ಸಾರಿಗೆಯ ಈ ನಾಲ್ಕು ಸೂತ್ರಗಳನ್ನು ಒಟ್ಟುಗೂಡಿಸಿ ಒಂದು ಮಹಾನಗರದ ಬೀದಿಗಿಳಿಸಿದ ಮೊದಲ ದಾಖಲಿತ ಪ್ರಯತ್ನ 1662ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಅದರ ಹಿಂದಿದ್ದ ಮಿದುಳು ಪಾಸ್ಕಲ್‌ನದು. ಆ ಪ್ರಯತ್ನ ಗೆದ್ದ ಬಗೆ ಎಷ್ಟು ಬೆರಗು ಹುಟ್ಟಿಸುತ್ತದೆಯೋ, ಸೋತ ಬಗೆ ಅಷ್ಟೇ ಪಾಠ ಹೇಳುತ್ತದೆ.

ತೆರಿಗೆ ಅಧಿಕಾರಿಯ ಮಗ

ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಮಧ್ಯ ಫ್ರಾನ್ಸಿನ ಕ್ಲೆರ್ಮಾಂ ಪಟ್ಟಣದಲ್ಲಿ. ಮೂರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. ತಂದೆ ಎತಿಯೆನ್ ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಿದರು. 1631ರಲ್ಲಿ ಕುಟುಂಬ ಪ್ಯಾರಿಸ್‌ಗೆ ಬಂದು ನೆಲೆಸಿತು. ಹದಿನಾರನೇ ವಯಸ್ಸಿನಲ್ಲೇ ಶಂಕುಚ್ಛೇದಗಳ ಕುರಿತು ಪ್ರಬಂಧ ಬರೆದು ಹುಡುಗ ಹಿರಿಯ ಗಣಿತಜ್ಞರ ಗಮನ ಸೆಳೆದ.

ಮುಂದೆ ತಂದೆಗೆ ರುಆಂ ನಗರದಲ್ಲಿ ತೆರಿಗೆ ಲೆಕ್ಕದ ಹೊಣೆ ಬಿತ್ತು. ರಾತ್ರಿಯೆಲ್ಲ ಕುಳಿತು ಕೂಡುವ ಕಳೆಯುವ ತಂದೆಯ ಶ್ರಮ ಕಂಡ ಮಗ 1642ರ ಸುಮಾರಿಗೆ ಹಲ್ಲುಚಕ್ರಗಳಿಂದ ನಡೆಯುವ ಲೆಕ್ಕದ ಯಂತ್ರವೊಂದನ್ನು ಕಟ್ಟಲು ತೊಡಗಿದ. 1648ರಲ್ಲಿ ಆತನ ಸೂಚನೆಯಂತೆ ಭಾವ ಫ್ಲೋರಿನ್ ಪೆರಿಯೆ ಪಾದರಸದ ನಳಿಗೆ ಹೊತ್ತು ಪುಯಿ ದ ದೋಮ್ ಬೆಟ್ಟವೇರಿದರು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ ಎಂಬುದು ಆ ಪ್ರಯೋಗದಿಂದ ಖಚಿತವಾಯಿತು. 1654ರಲ್ಲಿ ಫರ್ಮಾ ಎಂಬ ಗಣಿತಜ್ಞನೊಡನೆ ನಡೆಸಿದ ಪತ್ರ ವ್ಯವಹಾರ ಸಂಭವನೀಯತಾ ಶಾಸ್ತ್ರಕ್ಕೆ ಅಡಿಪಾಯವಾಯಿತು.

ಅದೇ ವರ್ಷದ ನವೆಂಬರ್‌ನ ಒಂದು ರಾತ್ರಿ ಉಂಟಾದ ಆಧ್ಯಾತ್ಮಿಕ ಅನುಭವ ಪಾಸ್ಕಲ್‌ನ ಬದುಕಿನ ದಿಕ್ಕು ಬದಲಿಸಿತು. ಆತ ಪೋರ್ ರಾಯಲ್ ಕ್ರೈಸ್ತ ಮಠದ ಬಳಗಕ್ಕೆ ಹತ್ತಿರವಾದ. ತೀವ್ರ ತಲೆನೋವು, ಹೊಟ್ಟೆಬೇನೆ ಎಳವೆಯಿಂದಲೇ ಬೆನ್ನಟ್ಟಿದ್ದವು. 1659ರಿಂದ ಆರೋಗ್ಯ ಪೂರ್ತಿ ಕುಸಿಯಿತು. 1661ರಲ್ಲಿ ತಂಗಿ ಜಾಕ್ಲಿನ್ ತೀರಿಕೊಂಡಳು. ಇಂಥ ದಿನಗಳಲ್ಲಿ, ಹಾಸಿಗೆ ಹಿಡಿದ ಮನುಷ್ಯನೊಬ್ಬ ಊರಿನ ಜನ ಹೇಗೆ ಓಡಾಡಬೇಕು ಎಂಬ ಚಿಂತೆಗೆ ಬಿದ್ದ.

ಕೆಸರಿನ ರಾಜಧಾನಿ

ಅಂದಿನ ಪ್ಯಾರಿಸ್‌ನ ಜನಸಂಖ್ಯೆ ಸುಮಾರು ಐದು ಲಕ್ಷ. ಬೀದಿಗಳು ಇಕ್ಕಟ್ಟು, ಕೆಸರು ಕುಖ್ಯಾತ. ಪಾದಚಾರಿಗಳಿಗೆಂದು ಎತ್ತರಿಸಿದ ಕಟ್ಟೆಯಿದ್ದದ್ದು ಸೆನ್ ನದಿಯ ಪೋಂ ನಫ್ ಸೇತುವೆಯಂಥ ಬೆರಳೆಣಿಕೆಯ ಕಡೆ ಮಾತ್ರ. ಉಳಿದೆಡೆ ನಡೆಯುವವರು ಶ್ರೀಮಂತರ ಸಾರೋಟುಗಳ ಚಕ್ರ ಎರಚಿದ ಕೊಚ್ಚೆ ಸಹಿಸಿಕೊಂಡು ಗೋಡೆಗೆ ಅಂಟಿಕೊಂಡೇ ಸಾಗಬೇಕಿತ್ತು.

ಬಾಡಿಗೆ ಗಾಡಿಗಳು ಇರಲಿಲ್ಲವೆಂದಲ್ಲ. 1640ರ ಸುಮಾರಿನಿಂದ ಬಾಡಿಗೆ ಸಾರೋಟುಗಳೂ ಹೊತ್ತೊಯ್ಯುವ ಕುರ್ಚಿಗಳೂ ದೊರೆಯುತ್ತಿದ್ದವು. ಆದರೆ ಗಾಡಿ ಬೇಕೆಂದರೆ ಇಡೀ ಗಾಡಿಯನ್ನೇ ಹಿಡಿಯಬೇಕು. ಅದಕ್ಕೆ ದಿನಕ್ಕೆ ಕನಿಷ್ಠ ಎರಡು ಎಕ್ಯೂ, ಎಂದರೆ 120 ಸೂ ತೆರಬೇಕಿತ್ತು. ಮೊಕದ್ದಮೆಗೆಂದು ಕೋರ್ಟಿಗೆ ಅಲೆಯುವವರು, ನಡೆಯಲಾಗದ ರೋಗಿಗಳು, ಸಾಧಾರಣ ಆದಾಯದವರು ಇಷ್ಟು ಹಣ ಎಲ್ಲಿಂದ ತರುವುದು?

ಒಬ್ಬನಿಗೆ ಎಟುಕದ ಗಾಡಿಯನ್ನು ಹಲವರು ಹಂಚಿಕೊಂಡರೆ ಎಲ್ಲರಿಗೂ ಎಟುಕುತ್ತದೆ. ಗಾಡಿ ಹತ್ತುವವರೆಲ್ಲ ಒಂದೇ ಕಡೆಯಿಂದ ಒಂದೇ ಕಡೆಗೆ ಹೊರಟವರಾಗಿರಬೇಕಿಲ್ಲ. ದಾರಿ ಮತ್ತು ವೇಳೆ ಮೊದಲೇ ಗೊತ್ತಿದ್ದರೆ ಜನ ತಾವಾಗಿ ಆ ದಾರಿಗೆ ಬಂದು ಸೇರುತ್ತಾರೆ. ಪಾಸ್ಕಲ್ ಯೋಜನೆಯ ತಿರುಳು ಇಷ್ಟೇ. ಗಾಡಿ ಖಾಲಿಯಿದ್ದರೂ ಹೊರಡಬೇಕೆಂಬ ಷರತ್ತು ಮೇಲ್ನೋಟಕ್ಕೆ ನಷ್ಟದ ಬಾಬತ್ತು. ಆದರೆ ಗಾಡಿ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಬೀದಿಬದಿಯಲ್ಲಿ ಯಾರೂ ಕಾಯುವುದಿಲ್ಲ.

ಐದು ಸೂ ಸಾರೋಟು

ಬಂಡವಾಳ ಮತ್ತು ಪ್ರಭಾವ ಒದಗಿಸಿದವರು ಪಾಸ್ಕಲ್‌ನ ಆಪ್ತಮಿತ್ರ, ರೊವನೆಯ ಡ್ಯೂಕ್ ಆರ್ತೂಸ್ ಗುಫಿಯೆ ಮತ್ತು ಇತರ ಕುಲೀನ ಪಾಲುದಾರರು. 1662ರ ಜನವರಿಯಲ್ಲಿ ದೊರೆ 14ನೇ ಲೂಯಿಯಿಂದ ಪರವಾನಗಿ ದೊರೆಯಿತು. ಮಾರ್ಚ್ 18ರ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಪೋರ್ತ್ ಸೇಂಟ್ ಆಂಟ್ವಾನ್ ದ್ವಾರದಿಂದ ಲಕ್ಸಂಬರ್ಗ್ ಅರಮನೆಯವರೆಗಿನ ಮೊದಲ ಮಾರ್ಗ ಆರಂಭವಾಯಿತು.

ಮೊದಲ ದಿನ ಬೀದಿಗಿಳಿದದ್ದು ಏಳು ಸಾರೋಟುಗಳು. ನಾಲ್ಕು ಒಂದು ತುದಿಯಿಂದ, ಮೂರು ಇನ್ನೊಂದು ತುದಿಯಿಂದ ಹೊರಟವು. ಒಂದೊಂದರಲ್ಲೂ ಎಂಟು ಆಸನ. ಸಾರಥಿಗಳಿಗೆ ದೊರೆಯ ಮತ್ತು ನಗರದ ಲಾಂಛನ ಹೆಣೆದ ನೀಲಿ ನಿಲುವಂಗಿ. ಸುಮಾರು ಏಳೂವರೆ ನಿಮಿಷಕ್ಕೊಂದು ಗಾಡಿ. ಪ್ರಯಾಣ ದರ ಐದು ಸೂ. ಹಾಗಾಗಿ ಜನರ ಬಾಯಲ್ಲಿ ಇವು 'ಐದು ಸೂ ಸಾರೋಟು'ಗಳೆಂದೇ ಹೆಸರಾದವು. ನಿಲುವಂಗಿ ತೊಟ್ಟ ಅಧಿಕಾರಿಗಳು ಎರಡೂ ತುದಿಯಲ್ಲಿ ನಿಂತು ಸೇವೆಯ ಉಪಯುಕ್ತತೆ ವಿವರಿಸಿ, ಗಾಡಿಗಳಿಗೆ ಅಡ್ಡಿಪಡಿಸುವವರಿಗೆ ಶಿಕ್ಷೆ ಕಾದಿದೆಯೆಂದು ಎಚ್ಚರಿಸಿದರು.

ಎಚ್ಚರಿಕೆಯ ಅಗತ್ಯವೇ ಬೀಳಲಿಲ್ಲ. ಹಾದಿಯುದ್ದಕ್ಕೂ ಜಾತ್ರೆಯಂತೆ ಜನ ನೆರೆದರು. ಗಾಡಿಗಳು ಮೊದಲ ಮುಂಜಾನೆಯೇ ತುಂಬಿದವು. ಮಹಿಳೆಯರೂ ಹಲವರು ಹತ್ತಿದರು. ಪಾಸ್ಕಲ್‌ನ ಅಕ್ಕ ಜಿಲ್ಬೆರ್ಟ್ ಮೂರು ದಿನಗಳ ನಂತರ ಬರೆದ ಪತ್ರದಲ್ಲಿ ಇದರ ಕಣ್ಣಾರೆ ಕಂಡ ವಿವರಗಳಿವೆ. ಮನೆಗೆ ಮರಳಲು ಸೇಂಟ್ ಮೆರಿ ಚರ್ಚಿನ ಬಳಿ ನಿಂತಿದ್ದ ಆಕೆಯ ಎದುರು ಐದು ಗಾಡಿಗಳು ಸಾಗಿಹೋದವು. ಐದೂ ಭರ್ತಿ! ತಮ್ಮ ಕಟ್ಟಿದ ಸೇವೆಯಲ್ಲಿ ಅಕ್ಕನಿಗೇ ಜಾಗ ಸಿಗಲಿಲ್ಲ. ಕಾದು ಕಾದು ನಡೆದೇ ಹೋದವರು ಗಾಡಿಗಳ ಸಂಖ್ಯೆ ಸಾಲದೆಂದು ಗೊಣಗಿದ್ದೂ ಆಕೆಯ ಪತ್ರದಲ್ಲಿದೆ. ಬಸ್ಸಿಗೂ ಅದರ ಪ್ರಯಾಣಿಕರ ದೂರಿಗೂ ಒಂದೇ ವಯಸ್ಸು.

ಏಪ್ರಿಲ್ 11ಕ್ಕೆ ಎರಡನೇ ಮಾರ್ಗ, ಮೇ 22ಕ್ಕೆ ಮೂರನೆಯದು, ಜೂನ್ 24ಕ್ಕೆ ನಾಲ್ಕನೆಯದು, ಜುಲೈ 5ಕ್ಕೆ ಐದನೆಯದು. ಹೀಗೆ ನಾಲ್ಕು ತಿಂಗಳೊಳಗೆ ಐದು ಮಾರ್ಗಗಳು ಸಿದ್ಧವಾದವು. ಒಂದನ್ನಿಳಿದು ಮತ್ತೊಂದನ್ನು ಹಿಡಿಯಲು ಅನುವಾಗುವಂತೆ ಮಾರ್ಗಗಳನ್ನು ಹೆಣೆಯಲಾಗಿತ್ತು. ನಾಲ್ಕನೆಯದು ನಗರವನ್ನು ಸುತ್ತಿ ಬರುವ ವರ್ತುಲ ಮಾರ್ಗ. ಅದನ್ನು ಹಂತಗಳಾಗಿ ವಿಂಗಡಿಸಿ, ಹೆಚ್ಚು ದೂರ ಹೋಗುವವರು ಮತ್ತೆ ಹಣ ಕೊಡಬೇಕೆಂದು ಗೊತ್ತುಪಡಿಸಲಾಯಿತು. ಇಂದಿನ 'ಸ್ಟೇಜ್' ಪದ್ಧತಿಯ ಮೂಲ ಇಲ್ಲಿದೆ. ಚಿಲ್ಲರೆ ಎಣಿಸುತ್ತ ಗಾಡಿ ತಡವಾಗಬಾರದೆಂದು ಚಿನ್ನದ ನಾಣ್ಯ ಸ್ವೀಕರಿಸುವುದಿಲ್ಲ ಎಂಬ ಸೂಚನೆಯನ್ನೂ ಹೊರಡಿಸಲಾಗಿತ್ತು. ಅದೇ ವರ್ಷ ಐದು ಸೂ ಸಾರೋಟನ್ನೇ ವಸ್ತುವಾಗಿಸಿಕೊಂಡ ಹಾಸ್ಯ ನಾಟಕವೊಂದು ಪ್ಯಾರಿಸ್‌ನ ಮಾರೇ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು.

ಒಂದು ಷರತ್ತು

ಇಷ್ಟೆಲ್ಲ ಇದ್ದರೂ ಆರಂಭಕ್ಕೆ ಮುನ್ನವೇ ಯೋಜನೆಯ ಬುಡಕ್ಕೆ ಒಂದು ಪೆಟ್ಟು ಬಿದ್ದಿತ್ತು. ದೊರೆಯ ಪರವಾನಗಿ ಜಾರಿಗೆ ಬರಬೇಕಾದರೆ ಪ್ಯಾರಿಸ್‌ನ ಉನ್ನತ ನ್ಯಾಯಸಭೆ ಅದನ್ನು ನೋಂದಾಯಿಸಬೇಕಿತ್ತು. 1662ರ ಫೆಬ್ರುವರಿ 7ರಂದು ನೋಂದಣಿ ಮಾಡಿದ ನ್ಯಾಯಸಭೆ, ತನ್ನದೊಂದು ಷರತ್ತು ಸೇರಿಸಿತು. ಸೈನಿಕರು, ಕುಲೀನರ ಮನೆಯ ಸಮವಸ್ತ್ರದ ಆಳುಗಳು, ದೈಹಿಕ ದುಡಿಮೆಯ ಕೂಲಿಕಾರರು ಈ ಗಾಡಿಗಳನ್ನು ಹತ್ತುವಂತಿಲ್ಲ. ಸಭ್ಯ ನಾಗರಿಕರ ಅನುಕೂಲಕ್ಕಾಗಿ ಈ ನಿರ್ಬಂಧವೆಂದು ಸಮರ್ಥನೆ ನೀಡಲಾಯಿತು.

ಐದು ಸೂ ಅಂದಿನ ಕೂಲಿಯವನಿಗೆ ಸಣ್ಣ ಮೊತ್ತವೇನಲ್ಲ. ಆದರೂ ಕೈಯಲ್ಲಿ ದುಡ್ಡಿದ್ದರೂ ಹತ್ತಬಾರದು ಎನ್ನುವುದು ಬೇರೆಯೇ ಮಾತು. ನಗರದಲ್ಲಿ ಅತಿ ಹೆಚ್ಚು ನಡೆಯುತ್ತಿದ್ದವರು ಅವರೇ. ತುಂಬಿದ ಗಾಡಿಗಳನ್ನು ವರ್ಷವಿಡೀ ತುಂಬಿಸಬಲ್ಲಷ್ಟು ಸಂಖ್ಯೆ ಇದ್ದದ್ದೂ ಅವರಿಗೇ. ಅವರನ್ನು ಬಾಗಿಲಲ್ಲೇ ತಡೆದ ಸೇವೆ ಮಧ್ಯಮ ವರ್ಗದ ಹೊಸ ಹುರುಪನ್ನಷ್ಟೇ ನೆಚ್ಚಿಕೊಳ್ಳಬೇಕಾಯಿತು. ಬೀದಿಯ ಜನ ಗಾಡಿಗಳನ್ನು ಕಂಡು ಕೂಗಾಡಿದ ಪ್ರಸಂಗಗಳೂ ನಡೆದವು.

ಕೊನೆಯ ದಿನಗಳು

ಈ ಉದ್ಯಮದ ಲಾಭದ ಬಗ್ಗೆ ಪಾಸ್ಕಲ್‌ಗೆ ಬೇರೆಯೇ ಲೆಕ್ಕಾಚಾರವಿತ್ತು. 1661-62ರ ಚಳಿಗಾಲದಲ್ಲಿ ಬ್ಲುವಾ ಸೀಮೆಯಲ್ಲಿ ಬರಗಾಲ ಕಾಡಿ ಬಡವರು ಹಸಿವಿನಿಂದ ನರಳುತ್ತಿದ್ದರು. ಸಾರೋಟು ಸೇವೆಯಿಂದ ತನಗೆ ಬರಬಹುದಾದ ಪಾಲಿನಲ್ಲಿ ಸಾವಿರ ಫ್ರಾಂಕ್ ಮುಂಗಡ ಪಡೆದು ಅಲ್ಲಿಗೆ ಕಳುಹಿಸಲು ಆತ ಮುಂದಾದ. ಗಾಡಿಗಳು ಇನ್ನೂ ಬೀದಿಗಿಳಿದು ಲಾಭ ತೋರಿಸಿರಲಿಲ್ಲ. ಪಾಲುದಾರರು ಒಪ್ಪಲಿಲ್ಲ.

ಅದೇ ಬೇಸಿಗೆಯಲ್ಲಿ ಪಾಸ್ಕಲ್ ತನ್ನ ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಆಶ್ರಯ ಕೊಟ್ಟಿದ್ದ. ಆ ಮನೆಯ ಮಗುವಿಗೆ ಸಿಡುಬು ತಗುಲಿತು. ಅಕ್ಕನ ಮಕ್ಕಳಿಗೆ ಸೋಂಕು ಹರಡೀತೆಂಬ ಭಯವಿತ್ತು. ರೋಗಿಯನ್ನು ಹೊರಗೆ ಸಾಗಿಸುವುದು ಸುಲಭದ ದಾರಿಯಾಗಿತ್ತು. ಆದರೆ ಪಾಸ್ಕಲ್, ಮಗುವನ್ನು ಅಲ್ಲೇ ಉಳಿಸಿ ಜೂನ್ 29ರಂದು ತಾನೇ ಮನೆ ಬಿಟ್ಟು ಅಕ್ಕನ ಮನೆ ಸೇರಿದ. ಐದನೇ ಮಾರ್ಗ ಆರಂಭವಾದಾಗ ಆತ ಅಲ್ಲಿ ಹಾಸಿಗೆ ಹಿಡಿದಿದ್ದ.

ಆಗಸ್ಟ್ 3ರಂದು ಉಯಿಲು ಬರೆಸಿದ. ಸಾರೋಟು ಸೇವೆಯಲ್ಲಿನ ತನ್ನ ಪಾಲಿನ ಒಂದು ಭಾಗವನ್ನು ಪ್ಯಾರಿಸ್ ಮತ್ತು ಹುಟ್ಟೂರು ಕ್ಲೆರ್ಮಾಂನ ಬಡವರ ಆಸ್ಪತ್ರೆಗಳಿಗೆ ಬಿಟ್ಟುಕೊಟ್ಟ. ಆಗಸ್ಟ್ 19ರಂದು ಕೊನೆಯುಸಿರೆಳೆದಾಗ ವಯಸ್ಸು 39. ಸೇಂಟ್ ಎತಿಯೆನ್ ದ್ಯು ಮೋಂ ಚರ್ಚಿನಲ್ಲಿ ಆತನ ಸಮಾಧಿಯಿದೆ. ಧರ್ಮಚಿಂತನೆಯ ಬಿಡಿ ಟಿಪ್ಪಣಿಗಳು 'ಪಾಂಸೇ' ಎಂಬ ಹೆಸರಿನಲ್ಲಿ 1670ರಲ್ಲಿ ಪ್ರಕಟವಾಗಿ ಫ್ರೆಂಚ್ ಗದ್ಯದ ಮೇರುಕೃತಿಗಳಲ್ಲಿ ಒಂದೆನಿಸಿದವು.

ಮರೆಯಾಗಿ ಮರಳಿದ ಬಂಡಿ

ಸಾರೋಟುಗಳು ಪಾಸ್ಕಲ್ ನಂತರವೂ ಕೆಲ ವರ್ಷ ಓಡಿದವು. ಹೊಸತನದ ಮೆರುಗು ಮಾಸಿತು. ಪ್ರಯಾಣಿಕರು ಇಳಿಮುಖವಾದರು. ದರ ಆರು ಸೂಗೆ ಏರಿತು. 1670ರ ದಶಕ ಮುಗಿಯುವ ಹೊತ್ತಿಗೆ ಸೇವೆ ಸದ್ದಿಲ್ಲದೆ ನಿಂತುಹೋಗಿತ್ತು. ದುಡಿಯುವ ಜನರನ್ನು ಹೊರಗಿಟ್ಟ ಷರತ್ತು ಮತ್ತು ಏರಿದ ದರವನ್ನು ಇತಿಹಾಸಕಾರರು ಈ ಸೋಲಿನ ಮುಖ್ಯ ಕಾರಣಗಳಲ್ಲಿ ಎಣಿಸುತ್ತಾರೆ.

ಆ ನಂತರ ಸುಮಾರು ಒಂದೂವರೆ ಶತಮಾನ ಈ ಯೋಚನೆ ಮೂಲೆ ಸೇರಿತು. 1826ರಲ್ಲಿ ಪಶ್ಚಿಮ ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಊರಾಚೆಯ ತನ್ನ ಸ್ನಾನಗೃಹಕ್ಕೆ ಗಿರಾಕಿಗಳನ್ನು ಕರೆತರಲು ಕುದುರೆ ಬಂಡಿ ಓಡಿಸಿದ. ಸ್ನಾನಕ್ಕಿಂತ ಬಂಡಿಗೇ ಹೆಚ್ಚು ಬೇಡಿಕೆ ಬಂತು. 1828ರಲ್ಲಿ ಅದು ಪ್ಯಾರಿಸ್‌ಗೆ, 1829ರಲ್ಲಿ ಜಾರ್ಜ್ ಶಿಲಿಬೀರ್ ಮೂಲಕ ಲಂಡನ್‌ಗೆ ತಲುಪಿತು. ಕುದುರೆಯ ಜಾಗಕ್ಕೆ ಮುಂದೆ ಎಂಜಿನ್ ಬಂದಿತು. ಸೂತ್ರಗಳು ಮಾತ್ರ ಪಾಸ್ಕಲ್‌ನ ಕಾಲದವೇ: ಗೊತ್ತಾದ ದಾರಿ, ಗೊತ್ತಾದ ವೇಳೆ, ಗೊತ್ತಾದ ದರ. ಬೆಂಗಳೂರು, ಹುಬ್ಬಳ್ಳಿಯ ನಗರ ಬಸ್ಸುಗಳು ನಡೆಯುವುದೂ ಅದೇ ಲೆಕ್ಕದ ಮೇಲೆ.

ಬದಲಾದದ್ದು ಒಂದೇ. 19ನೇ ಶತಮಾನದ ಬಂಡಿಗಳ ಬಾಗಿಲಲ್ಲಿ ಕೂಲಿಯವನು, ಸೈನಿಕ, ಆಳು ಎಂಬ ಶಾಸನಬದ್ಧ ತಡೆ ಇರಲಿಲ್ಲ. ಆ ಬಂಡಿಗೆ ಬಿದ್ದ ಹೆಸರು 'ಆಮ್ನಿಬಸ್'. ಇಂದಿನ 'ಬಸ್' ಅದರ ಬಾಲದ ತುಂಡು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ 'ಎಲ್ಲರಿಗಾಗಿ' ಎಂದರ್ಥ. 1662ರಲ್ಲಿ ಪ್ಯಾರಿಸ್‌ನ ನ್ಯಾಯಸಭೆ ಪಾಸ್ಕಲ್‌ನ ಸಾರೋಟಿನಿಂದ ಕಿತ್ತುಕೊಂಡದ್ದು ಅದನ್ನೇ.