ಮೇದಿನೀಪುರದ ಕಮಲಾ

ನಮ್ಮ ಕೋಲ್ಕತ್ತದ ಪಶ್ಚಿಮಕ್ಕೆ ಮೇದಿನೀಪುರವಿದೆ. ಸಮಾಜಶಾಸ್ತ್ರದ ಪಠ್ಯಗಳಲ್ಲಿ ತೋಳ ಸಾಕಿದ ಬಾಲಕಿಯೆಂದು ನಾವು ಓದಿದ ಕಮಲಾ ಬೆಳೆದದ್ದು ಅಲ್ಲಿನ ಅನಾಥಾಲಯದಲ್ಲಿ. ಅದನ್ನು ನಡೆಸುತ್ತಿದ್ದ ಪಾದ್ರಿ ಜೋಸೆಫ್ ಅಮೃತಲಾಲ್ ಸಿಂಗ್ ಅವರು, 1920ರಲ್ಲಿ ಕಮಲಾ ಮತ್ತು ಅವಳಿಗಿಂತ ಕಿರಿಯಳಾದ ಅಮಲಾಳನ್ನು ತೋಳಗಳ ಗವಿಯಿಂದ ತಂದುದಾಗಿ ದಿನಚರಿಯಲ್ಲಿ ಬರೆದರು. ಮಕ್ಕಳು ಕೈಕಾಲೂರಿ ನಡೆಯುತ್ತಿದ್ದರಂತೆ, ಹಸಿಮಾಂಸ ತಿನ್ನುತ್ತಿದ್ದರಂತೆ. 1921ರಲ್ಲಿ ಅಮಲಾ ತೀರಿಕೊಂಡಳು. ಸಿಂಗ್ ಅವರ ಪತ್ನಿ ಎಣ್ಣೆ ನೀವಿ ಆರೈಕೆ ಮಾಡಿದ ಕಮಲಾ ಕ್ರಮೇಣ ನೆಟ್ಟಗೆ ನಿಂತು, ಕೆಲವು ಪದಗಳನ್ನು ಕಲಿತು, 1929ರ ನವೆಂಬರ್‌ನಲ್ಲಿ ನಿಧನ ಹೊಂದಿದಳು.

ಶಿಕ್ಷಣದಿಂದ ಮಾನವ ಸ್ವಭಾವವನ್ನು ಪರಿಪೂರ್ಣಗೊಳಿಸಬಹುದೆಂಬುದು ಹದಿನೆಂಟನೆಯ ಶತಮಾನದ ಯುರೋಪಿನ ಚಿಂತಕರ ನಂಬಿಕೆ. ಫ್ರಾನ್ಸಿನ ಕಾಡುಹುಡುಗ ವಿಕ್ಟರ್‌ಗೆ ವೈದ್ಯ ಇಟಾರ್ ಸುಮಾರು ಐದು ವರ್ಷ ಪಾಠ ಹೇಳಿದ್ದು ಆ ನಂಬಿಕೆಯಿಂದಲೇ. ಆದರೂ ವಿಕ್ಟರ್‌ಗೆ ಮಾತು ಬರಲಿಲ್ಲ. 1942ರಲ್ಲಿ ಸಿಂಗ್ ಅವರ ದಿನಚರಿ ಅಮೆರಿಕದಲ್ಲಿ ಗ್ರಂಥವಾಗಿ ಪ್ರಕಟವಾದಾಗ ಕಮಲಾಳೂ ಅದೇ ಚರ್ಚೆಗೆ ಸಾಕ್ಷಿಯಾದಳು.

ಆದರೆ 2007ರಲ್ಲಿ ಫ್ರೆಂಚ್ ಶಸ್ತ್ರವೈದ್ಯ ಸೆರ್ಜ್ ಅರೋಲ್ ಹಳೆಯ ದಾಖಲೆಗಳನ್ನು ಪರಿಶೀಲಿಸಿ, ತೋಳದ ವೃತ್ತಾಂತ ಕಟ್ಟುಕಥೆಯೆಂದೂ ಕಮಲಾ ನರಸಂಬಂಧಿ ನ್ಯೂನತೆಯುಳ್ಳ ಮಗುವೆಂದೂ ವಾದಿಸಿದರು. ಹಾಗಿದ್ದಲ್ಲಿ ನಾವು ಕೌತುಕದಿಂದ ಓದಿದ್ದು ಕಾಯಿಲೆಯ ಕೂಸೊಂದರ ಕಷ್ಟವನ್ನು. ಈ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ ಈ ಮಾತನ್ನೂ ಸೇರಿಸಿ ಹೇಳುವುದು ಉಚಿತ.